ಬಚ್ಚಲಿಗೆ ಗೀಸರ್ ಬಂತು, ಅರ್ತ್ ಎಲ್ಲಿ ಹೋಯಿತು?



ಕಾಸರಗೋಡು ಕಡೆಯ ಹಳೆ ಮನೆಗಳ ಬಚ್ಚಲಿನಲ್ಲಿ ಒಂದು ತಾಮ್ರದ ಹಂಡೆ, ಅದರ ಅಡಿಯಲ್ಲಿ ಒಲೆ ಇರ್ತದೆ. ತೆಂಗಿನ ಮಡಲು, ಕಾಯಿ ಸಿಪ್ಪೆ ಹಾಕಿ ಉರಿ ಮಾಡಿದರೆ ಮನೆಮಂದಿಗೆಲ್ಲ ಮೀಯಲು ಬಿಸಿನೀರು ಸಿಕ್ಕಿತು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕಡೆಯ ಮನೆಗಳಲ್ಲಿ ಇದೇ ಕೆಲಸವನ್ನು ತಾಮ್ರದ ಬಂಬ್ ಮಾಡುತ್ತಿತ್ತು. ಈಗ ಊರೂರಲ್ಲೂ ಹಳೆ ಬಚ್ಚಲನ್ನು ಒಡೆದು ಟೈಲ್ಸ್ ಹಾಕಿಸುತ್ತಾರೆ, ಶವರ್ ಇಡಿಸುತ್ತಾರೆ, ಗೋಡೆಗೆ ಗೀಸರ್ ತೂಗುಹಾಕುತ್ತಾರೆ. ಹೊಗೆಯಿಲ್ಲ, ಮಸಿಯಿಲ್ಲ, ಸ್ವಿಚ್ ಒತ್ತಿದರೆ ಆಯಿತು.

ಈ ಕೆಲಸಕ್ಕೆ ಮೂವರು ಬರುತ್ತಾರೆ: ಗಾರೆ ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್. ಮೂವರೂ ತಮ್ಮ ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿ ಹೋದರೂ ಬಚ್ಚಲು ಅಪಾಯದ ಜಾಗವಾಗಿ ಉಳಿಯಬಹುದು. ಅದು ಹೇಗೆ ಅಂತ ತಿಳಿಯಲು ದೊಡ್ಡ ವಿದ್ಯೆ ಬೇಕಾಗಿಲ್ಲ. ಓಮನ ನಿಯಮ, ವಿದ್ಯುತ್ತಿನಿಂದ ಹುಟ್ಟುವ ಶಾಖ, ಮನೆಯ ವಿದ್ಯುತ್ ಮಂಡಲ: ನಿಮ್ಮ ಪಠ್ಯಪುಸ್ತಕ ಯಾವ ರಾಜ್ಯದ್ದೇ ಆಗಿರಲಿ, ಹತ್ತನೇ ತರಗತಿಯ ಹೊತ್ತಿಗೆ ಈ ಮೂರನ್ನೂ ನೀವು ಓದಿರುತ್ತೀರಿ. ಅಷ್ಟು ಸಾಕು.

ಒಂದು ಮನೆಯನ್ನು ಊಹಿಸಿಕೊಳ್ಳಿ. ಕಟ್ಟಿ ನಲವತ್ತು ವರ್ಷವಾಗಿದೆ. ಈಚೆಗೆ ಬಚ್ಚಲನ್ನು ಹೊಸದು ಮಾಡಿದ್ದಾರೆ. 3 ಲೀಟರಿನ, 3000 ವ್ಯಾಟಿನ ಪುಟ್ಟ ಗೀಸರ್ ತಂದಿದ್ದಾರೆ. ತಿಂಗಳೊಳಗೆ ನಾಲ್ಕು ದೂರು ಶುರುವಾಯಿತು.

ಒಂದು: ಶವರಿನಲ್ಲಿ ನೀರು ಸರಿಯಾಗಿ ಬಿಸಿಯೇ ಬರುವುದಿಲ್ಲ.
ಎರಡು: ಗೀಸರಿನ ಪ್ಲಗ್ ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ಸುಡುತ್ತದೆ.
ಮೂರು: ನಲ್ಲಿ ಮುಟ್ಟಿದಾಗ ಕೈ ಜುಂ ಅನ್ನುತ್ತದೆ.
ನಾಲ್ಕು: ಮೈನ್ ಬೋರ್ಡಿಗೆ ಹೊಸದಾಗಿ ಹಾಕಿಸಿದ ಒಂದು ಸಾಧನ ಪದೇ ಪದೇ ಟ್ರಿಪ್ ಆಗಿ ಮನೆಯೆಲ್ಲ ಕತ್ತಲಾಗುತ್ತದೆ.

ಒಂದೊಂದಾಗಿ ನೋಡೋಣ. ಮೊದಲಿನ ಎರಡು ಶಾಖದ ಲೆಕ್ಕ. ಕೊನೆಯ ಎರಡು ಜೀವದ ಲೆಕ್ಕ.

ನೀರು ಯಾಕೆ ಬಿಸಿಯಾಗುವುದಿಲ್ಲ?

1 ಕಿಲೋಗ್ರಾಂ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4200 ಜೂಲ್ ಶಕ್ತಿ ಬೇಕು. ನಮಗೆ ಗೊತ್ತಿರುವ ಸಾಮಾನ್ಯ ದ್ರವಗಳಲ್ಲಿ ನೀರಿನಷ್ಟು ಶಾಖ ಬೇಡುವುದು ಕಡಿಮೆ. 1 ಲೀಟರ್ ನೀರು ಅಂದರೆ ಹೆಚ್ಚುಕಡಿಮೆ 1 ಕಿಲೋಗ್ರಾಂ.

3000 ವ್ಯಾಟ್ ಅಂದರೆ ಸೆಕೆಂಡಿಗೆ 3000 ಜೂಲ್. ಶವರಿನಲ್ಲಿ ನಿಮಿಷಕ್ಕೆ 6 ಲೀಟರ್ ನೀರು ಹರಿಯುತ್ತದೆ ಅಂತ ಇಟ್ಟುಕೊಳ್ಳಿ. ಒಂದು ನಿಮಿಷದಲ್ಲಿ ಗೀಸರ್ ಕೊಡುವ ಶಾಖ 3000 × 60 = 1,80,000 ಜೂಲ್. ಇದನ್ನು 6 × 4200 ರಿಂದ ಭಾಗಿಸಿ. ಸುಮಾರು 7 ಬಂತಲ್ಲವೇ? ಅಂದರೆ 25 ಡಿಗ್ರಿಯ ನೀರು 32 ಡಿಗ್ರಿ ಆಗಿ ಹೊರಬರುತ್ತದೆ. ಮೈಗೆ ಅದು ತಣ್ಣಗೇ. ಗೀಸರ್ ಕೆಟ್ಟಿಲ್ಲ. ಅಂಗಡಿಯವನು ಮೋಸ ಮಾಡಿದ್ದೂ ಅಲ್ಲ. ಆ ಗಾತ್ರದ ಗೀಸರಿನಿಂದ ಅಷ್ಟೇ ಆಗುವುದು. ನಲ್ಲಿಯನ್ನು ಸಣ್ಣಗೆ ಬಿಟ್ಟು ಬಕೆಟ್ ತುಂಬಿಸಿದರೆ 15 ಲೀಟರ್ ನೀರನ್ನು 30 ಡಿಗ್ರಿಯಷ್ಟು ಏರಿಸಲು ಅದಕ್ಕೆ ಹತ್ತೂವರೆ ನಿಮಿಷ ಬೇಕು. ನೀವೇ ಲೆಕ್ಕ ಹಾಕಿ ನೋಡಿ.

ನೀರನ್ನು ತುಂಬಿಟ್ಟುಕೊಂಡು ಕಾಯಿಸುವ 15 ಲೀಟರಿನ, 2000 ವ್ಯಾಟಿನ ಗೀಸರ್ ತಂದರೆ? 25 ರಿಂದ 60 ಡಿಗ್ರಿಗೆ ಏರಿಸಲು 15 × 4200 × 35, ಅಂದರೆ ಸುಮಾರು 22 ಲಕ್ಷ ಜೂಲ್ ಬೇಕು. ಅದಕ್ಕೆ 18 ನಿಮಿಷ ಸಾಕು. ವಿದ್ಯುತ್ ಖರ್ಚು 0.61 ಯೂನಿಟ್. ಅದಕ್ಕೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಹದವಾದ ನೀರು ಸುಮಾರು 35 ಲೀಟರ್ ಸಿಗ್ತದೆ. ನೀಲಗಿರಿಯ ಚಳಿಯಲ್ಲಿ ನಲ್ಲಿ ನೀರು 12 ಡಿಗ್ರಿ ಇದ್ದರೆ ಅದೇ ಗೀಸರಿಗೆ 25 ನಿಮಿಷ ಬೇಕು, 0.84 ಯೂನಿಟ್ ಹೋಗುತ್ತದೆ. ಗೀಸರ್ ಕೊಳ್ಳುವ ಮೊದಲೇ ಈ ನಾಲ್ಕು ಸಾಲಿನ ಲೆಕ್ಕ ಹಾಕಿದ್ದರೆ ಮೊದಲನೇ ದೂರು ಹುಟ್ಟುತ್ತಲೇ ಇರಲಿಲ್ಲ.

ಪ್ಲಗ್ ಯಾಕೆ ಕಂದಾಯಿತು?

ನಮ್ಮ ಮನೆಗಳಿಗೆ ಬರುವ ವಿಭವಾಂತರ 230 ವೋಲ್ಟ್. 3000 ವ್ಯಾಟಿನ ಗೀಸರ್ ಎಳೆಯುವ ವಿದ್ಯುತ್ ಪ್ರವಾಹ 3000 ÷ 230, ಅಂದರೆ ಸುಮಾರು 13 ಆಂಪಿಯರ್. ಹೋಲಿಸಿ ನೋಡಿ: 9 ವ್ಯಾಟಿನ ಎಲ್‌ಇಡಿ ಬಲ್ಬು 0.04 ಆಂಪಿಯರ್ ಎಳೆಯುತ್ತದೆ, ಅಷ್ಟೇ.

ಹಳೆ ಬಚ್ಚಲಿನಲ್ಲಿ ಇದ್ದದ್ದು ಒಂದು ಬಲ್ಬು. ಅದಕ್ಕೆ ಎಳೆದಿದ್ದ ತಂತಿ 1 ಚದರ ಮಿಲಿಮೀಟರ್ ದಪ್ಪದ್ದು. ಅಂಗಡಿಯಲ್ಲಿ ಇದನ್ನು 'ಒಂದರ ವೈರ್' ಅಂತಾರೆ. ಗೋಡೆ ಒಡೆಯುವುದು ಬೇಡ ಅಂತ ಅದೇ ತಂತಿಗೆ ಗೀಸರಿನ ಸಾಕೆಟನ್ನೂ ಸೇರಿಸಿಬಿಟ್ಟಿದ್ದರು.

1 ಚದರ ಮಿಲಿಮೀಟರಿನ ತಾಮ್ರದ ತಂತಿಯ ರೋಧ ಮೀಟರಿಗೆ 0.017 ಓಮ್. ಮೈನ್ ಬೋರ್ಡಿನಿಂದ ಬಚ್ಚಲಿಗೆ 15 ಮೀಟರ್ ಇದ್ದರೆ ಹೋಗಿಬರುವ ದಾರಿ 30 ಮೀಟರ್, ರೋಧ ಸುಮಾರು 0.5 ಓಮ್. ತಂತಿಯಲ್ಲಿ ಹುಟ್ಟುವ ಶಾಖ ಎಷ್ಟು? ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿ: 13 × 13 × 0.5 = ಸುಮಾರು 85 ವ್ಯಾಟ್. ನೀರನ್ನು ಕಾಯಿಸಬೇಕಾದ ಶಕ್ತಿ ಗೋಡೆಯನ್ನು ಕಾಯಿಸುತ್ತಿದೆ! ಅಲ್ಲಿಯ ತಂತಿಯ ಪ್ಲಾಸ್ಟಿಕ್ ಹೊದಿಕೆ ದಿನದಿನವೂ ಬಿಸಿಯಾಗಿ ಒಣಗಿ ಬಿರುಕು ಬಿಡುತ್ತದೆ. ದಪ್ಪ 4 ಚದರ ಮಿಲಿಮೀಟರ್ ಆದರೆ ರೋಧ ಕಾಲು ಭಾಗಕ್ಕೆ ಇಳಿಯುತ್ತದೆ, ಶಾಖವೂ ಕಾಲು ಭಾಗಕ್ಕೆ ಇಳಿಯುತ್ತದೆ.

ಇದಕ್ಕಿಂತ ಕೆಟ್ಟದ್ದು ಸಡಿಲವಾದ ಜೋಡಣೆ. ಸಾಕೆಟಿನ ಸ್ಕ್ರೂ ಸರಿಯಾಗಿ ಬಿಗಿಯದೆ ಅಲ್ಲಿ 0.2 ಓಮ್ ರೋಧ ಉಳಿದಿದೆ ಅಂತ ಇಟ್ಟುಕೊಳ್ಳಿ. 13 × 13 × 0.2 = ಸುಮಾರು 34 ವ್ಯಾಟ್. ಮೇಲಿನ 85 ವ್ಯಾಟ್ 30 ಮೀಟರ್ ಉದ್ದಕ್ಕೆ ಹರಡಿತ್ತು. ಈ 34 ವ್ಯಾಟ್ ಕಡಲೆಕಾಳಿನಷ್ಟು ಜಾಗದಲ್ಲಿ ಕೂತಿದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಕಡ್ಡಿಯ ಸಾಮರ್ಥ್ಯ 25 ವ್ಯಾಟ್ ಇರ್ತದೆ, ಗೊತ್ತಾ? ಪ್ಲಗ್ ಕಂದಾಗದೆ ಇನ್ನೇನಾದೀತು!

ಪರಿಹಾರ ಸರಳ. ಗೀಸರಿಗೆ ಮೈನ್ ಬೋರ್ಡಿನಿಂದ ಬೇರೆಯೇ ಒಂದು ಲೈನ್ ಎಳೆಯಬೇಕು. ಅದರಲ್ಲಿ ಬೇರೆ ಯಾವ ಉಪಕರಣವೂ ಇರಬಾರದು, ನಡುವೆ ಜೋಡಣೆ ಇರಬಾರದು. ಸಾಕೆಟ್ 16 ಆಂಪಿಯರಿನದ್ದೇ ಆಗಬೇಕು. 6 ಆಂಪಿಯರಿನ ಸಾಕೆಟಿಗೆ ಗೀಸರಿನ ಪಿನ್ ಹಿಡಿಸದಂತೆ ಮಾಡಿರುವುದು ಬೇಕೆಂದೇ. ನಡುವೆ ಒಂದು ಕನ್ವರ್ಟರ್ ಸಿಕ್ಕಿಸಿ ಅದನ್ನು ಹಿಡಿಸಿದರೆ ಆ ಎಚ್ಚರಿಕೆಯನ್ನು ನಾವೇ ಕಿತ್ತುಹಾಕಿದಂತೆ.

ನಲ್ಲಿ ಮುಟ್ಟಿದರೆ ಯಾಕೆ ಜುಂ ಅನ್ನುತ್ತದೆ?

ಈಗ ಮುಖ್ಯ ಮಾತಿಗೆ ಬಂದೆವು.

ಗೀಸರಿನ ಪ್ಲಗ್‌ನಲ್ಲಿ ಮೂರು ಪಿನ್ ಇವೆ. ಪುಸ್ತಕದಲ್ಲಿ ಇವಕ್ಕೆ ಸಜೀವ ತಂತಿ, ತಟಸ್ಥ ತಂತಿ, ಭೂಸಂಪರ್ಕ ತಂತಿ ಅಂತ ಓದಿದ್ದೀರಿ. ಕೆಲಸದವರು ಮಲಯಾಳ ಮಾತಾಡಲಿ, ಮರಾಠಿ, ತೆಲುಗು, ತಮಿಳು ಮಾತಾಡಲಿ, ಅವರೆಲ್ಲರ ಬಾಯಲ್ಲಿ ಇವು ಫೇಸ್, ನ್ಯೂಟ್ರಲ್, ಅರ್ತ್. ಫೇಸ್‌ನಿಂದ ಬಂದ ಪ್ರವಾಹ ನ್ಯೂಟ್ರಲ್‌ನಲ್ಲಿ ಮರಳುತ್ತದೆ. ಅರ್ತ್‌ನಲ್ಲಿ ಎಂದಿನ ದಿನಗಳಲ್ಲಿ ಏನೂ ಹರಿಯುವುದಿಲ್ಲ. ಅದಕ್ಕೇ ಅದು ಇಲ್ಲದಿದ್ದರೂ ಗೀಸರ್ ನಡೆಯುತ್ತದೆ, ನೀರು ಬಿಸಿಯಾಗುತ್ತದೆ. ಅರ್ತ್ ಇಲ್ಲ ಅನ್ನುವುದು ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಅರ್ತ್ ಪಿನ್ ಉಳಿದೆರಡಕ್ಕಿಂತ ಉದ್ದ, ದಪ್ಪ. ಯಾಕೆ? ಸಾಕೆಟಿಗೆ ತೂರಿಸುವಾಗ ಅದು ಎಲ್ಲಕ್ಕಿಂತ ಮೊದಲು ತಾಗಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ವಿದ್ಯುತ್ ಬರುವ ಮೊದಲೇ ಕಾವಲು ಬಂದು ನಿಲ್ಲಬೇಕು ಅನ್ನುವ ಏರ್ಪಾಡು ಅದು.

ಗೀಸರಿನ ಒಳಗೆ ಕಾಯುವ ಸುರುಳಿ ಒಂದು ಲೋಹದ ಕೊಳವೆಯ ಒಳಗಿರುತ್ತದೆ. ನಡುವೆ ವಿದ್ಯುತ್ ಹರಿಯಬಾರದು, ಆದರೆ ಶಾಖ ದಾಟಬೇಕು. ಅದಕ್ಕಾಗಿ ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಕೊಳವೆ ಎಲ್ಲಾದರೂ ಬಿರಿದು ಆ ಪುಡಿಗೆ ತೇವ ಸೇರಿದರೆ ಪ್ರವಾಹ ಸ್ವಲ್ಪ ಸ್ವಲ್ಪವಾಗಿ ಟ್ಯಾಂಕಿನ ಲೋಹಕ್ಕೆ, ನೀರಿಗೆ, ಅಲ್ಲಿಂದ ಉಕ್ಕಿನ ಹೆಣಿಗೆಯ ಪೈಪಿನ ಮೂಲಕ ನಲ್ಲಿಗೆ ಸೋರುತ್ತದೆ. ಅರ್ತ್ ಸರಿಯಿದ್ದರೆ ಸೋರಿದ್ದು ನೇರ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವ ತನಕ ಕಾದಿರುತ್ತದೆ.

ಹಾಗಾದರೆ ಈ ಮನೆಯಲ್ಲಿ ಅರ್ತ್ ಎಲ್ಲಿ ಹೋಯಿತು? ಕೆಲವು ಹಳೆ ಮನೆಗಳಲ್ಲಿ ಅರ್ತ್ ತಂತಿಯನ್ನು ನೆಲದೊಳಗೆ ಹೋಗುವ ಕಬ್ಬಿಣದ ನೀರಿನ ಪೈಪಿಗೆ ಸುತ್ತಿ ಬಿಡುತ್ತಿದ್ದರು. ಆ ಪೈಪೇ ಅರ್ತ್. ಬಚ್ಚಲು ಹೊಸದು ಮಾಡುವಾಗ ಪ್ಲಂಬರ್ ತುಕ್ಕು ಹಿಡಿದ ಆ ಪೈಪನ್ನು ತೆಗೆದು ಸಿಪಿವಿಸಿ ಪೈಪ್ ಹಾಕಿದ. ಅವನು ಮಾಡಿದ್ದು ಸರಿಯೇ: ಸಾದಾ ಪಿವಿಸಿ ಪೈಪ್ ಬಿಸಿನೀರಿಗೆ ಮೆತ್ತಗಾಗುತ್ತದೆ, ಸಿಪಿವಿಸಿ ತಡೆದುಕೊಳ್ಳುತ್ತದೆ. ಆದರೆ ಅದು ವಿದ್ಯುತ್ ಹರಿಯಗೊಡದ ಪ್ಲಾಸ್ಟಿಕ್. ಆ ದಿನವೇ ಮನೆಯ ಅರ್ತ್ ತುಂಡಾಯಿತು. ಪ್ಲಂಬರಿಗೆ ವಿದ್ಯುತ್ತಿನ ವಿಷಯ ಗೊತ್ತಿಲ್ಲ, ಎಲೆಕ್ಟ್ರಿಷಿಯನ್ ಪೈಪ್ ಬದಲಿಸಿದ್ದನ್ನು ನೋಡಲಿಲ್ಲ, ಮೇಸ್ತ್ರಿ ಟೈಲ್ಸ್ ಹಾಕಿ ಮುಚ್ಚಿದ.

'ಜುಂ ಅಂದರೆ ಏನಾಯ್ತು, ರಬ್ಬರ್ ಚಪ್ಪಲಿ ಹಾಕಿಕೊಂಡು ಮೀಯಿರಿ' ಅನ್ನುವವರು ಇದ್ದಾರೆ. ಜುಂ ಅನ್ನುವುದು ಎಚ್ಚರಿಕೆಯ ಗಂಟೆ. ಇವತ್ತು ಸೋರುವುದು ಸ್ವಲ್ಪ. ಸುರುಳಿಯ ಕೊಳವೆ ಪೂರ್ತಿ ಬಿರಿದ ದಿನ ಅದು ಸ್ವಲ್ಪವೇ ಆಗಿರುವುದಿಲ್ಲ. ಅಂತಹ ಗೀಸರಿನ ಸ್ವಿಚ್ ಆರಿಸಬೇಕು, ರಿಪೇರಿ ಆಗುವ ತನಕ ಹಾಕಲೇಬಾರದು.

ಎಂಸಿಬಿ ಇದೆಯಲ್ಲ, ಅದು ಕಾಪಾಡುವುದಿಲ್ಲವೇ?

'ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಹೆದರಿಕೆ ಇಲ್ಲ.' ಈ ಮಾತನ್ನು ನೀವೂ ಕೇಳಿರಬಹುದು. ಲೆಕ್ಕ ಏನು ಹೇಳುತ್ತದೆ ನೋಡೋಣ.

ಒಣಗಿದ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು. ಮೈ ಒದ್ದೆಯಾಗಿ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಾಗ ಅದು 1000 ಓಮ್ ಆಸುಪಾಸಿಗೆ ಇಳಿಯುತ್ತದೆ. ಆಗ 230 ವೋಲ್ಟ್ ತಾಗಿದರೆ ಮೈಯೊಳಗೆ ಹರಿಯುವ ಪ್ರವಾಹ 230 ÷ 1000 = 0.23 ಆಂಪಿಯರ್. ಇಷ್ಟು ಪ್ರವಾಹ ಎದೆಯನ್ನು ಹಾದು ಹೋದರೆ ಒಂದೆರಡು ಸೆಕೆಂಡಿನಲ್ಲಿ ಹೃದಯದ ಬಡಿತ ತಾಳತಪ್ಪಿ ನಿಂತುಹೋಗಬಹುದು.

ಗೀಸರ್ ಲೈನಿನ ಎಂಸಿಬಿ 16 ಆಂಪಿಯರಿನದ್ದು. 0.23 ಆಂಪಿಯರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಳೆ ಕಾಲದ 60 ವ್ಯಾಟಿನ ಬಲ್ಬು 0.26 ಆಂಪಿಯರ್ ಎಳೆಯುತ್ತಿತ್ತು. ಅಂದರೆ ಒಬ್ಬ ಮನುಷ್ಯನನ್ನು ಕೊಲ್ಲುವ ಪ್ರವಾಹ ಒಂದು ಬಲ್ಬು ಉರಿಸುವ ಪ್ರವಾಹಕ್ಕಿಂತ ಕಡಿಮೆ! ಎಂಸಿಬಿಯ ಕಣ್ಣಿಗೆ ನೀವು ಒಂದು ಬಲ್ಬು, ಅಷ್ಟೇ. ತಂತಿ ಅತಿಯಾಗಿ ಕಾಯದಂತೆ, ಹ್ರಸ್ವ ಮಂಡಲ ಆದಾಗ ಬೆಂಕಿ ಹತ್ತದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದು ಬೇಕೇ ಬೇಕು. ಆದರೆ ಅದು ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ.

ಅರ್ತ್ ಇದ್ದರೆ? ಒಳ್ಳೆಯ ಅರ್ತ್ ಗುಂಡಿಯ ರೋಧ 5 ಓಮ್ ಇದೆ ಅಂತ ಇಟ್ಟುಕೊಳ್ಳಿ. ಫೇಸ್ ತಂತಿ ಗೀಸರಿನ ಮೈಗೆ ತಾಗಿದರೆ 230 ÷ 5 = 46 ಆಂಪಿಯರ್ ನೆಲಕ್ಕೆ ಹರಿಯುತ್ತದೆ. 16 ಆಂಪಿಯರಿನ ಎಂಸಿಬಿ ಬೀಳುತ್ತದೆ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲ. ಕೆಲವು ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ.

ಇನ್ನು ಬೇಸಿಗೆ ಬರಲಿ. ಮಣ್ಣಿನಲ್ಲಿ ವಿದ್ಯುತ್ ಹರಿಯುವುದು ಅದರಲ್ಲಿರುವ ತೇವ ಮತ್ತು ಲವಣಗಳಿಂದ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ, ರಾಯದುರ್ಗ ಮಡಕಶಿರಾದ ಕಲ್ಲುನೆಲದಲ್ಲಿ ಏಪ್ರಿಲ್ ಹೊತ್ತಿಗೆ ಮಣ್ಣು ಒಣಗಿ ಹೋಗುತ್ತದೆ. ಅರ್ತ್ ಗುಂಡಿಯ ರೋಧ 50 ಓಮ್‌ಗೆ ಏರಿತು ಅಂತ ಇಟ್ಟುಕೊಳ್ಳಿ. ಆಗ ಹರಿಯುವುದು 230 ÷ 50 = 4.6 ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ! ಗೀಸರಿನ ಮೈ ಹೆಚ್ಚುಕಡಿಮೆ ಪೂರ್ತಿ 230 ವೋಲ್ಟಿನಲ್ಲಿ ನಿಂತಿರುತ್ತದೆ. ಹಾಗೆ ಬಿಟ್ಟರೆ ದಿನಕ್ಕೆ 25 ಯೂನಿಟ್ ಮಣ್ಣುಪಾಲಾಗುತ್ತದೆ. ಬಿಲ್ಲು ಬಂದಾಗ ಗೊತ್ತಾಗಬಹುದು, ಅಷ್ಟರೊಳಗೆ ಯಾರೂ ಮುಟ್ಟದಿದ್ದರೆ.

ಅದಕ್ಕೇ ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ತುಂಬುತ್ತಾರೆ, ಬೇಸಿಗೆಯಲ್ಲಿ ನೀರು ಹಾಕುತ್ತಾರೆ. ನಿಮ್ಮ ಮನೆಯ ಗುಂಡಿ ಎಲ್ಲಿದೆ ಅಂತ ಗೊತ್ತಾ? ಅದಕ್ಕೆ ಕೊನೆಯ ಬಾರಿ ನೀರು ಹಾಕಿದ್ದು ಯಾವಾಗ?

ನಿಮ್ಮನ್ನು ಕಾಯುವುದು ಯಾವುದು?

ಮನೆಯವರು ಯಾರನ್ನು ಬೈಯುತ್ತಿದ್ದಾರೋ ಅದೇ! ಪದೇ ಪದೇ ಟ್ರಿಪ್ ಆಗುವ ಆ ಸಾಧನದ ಹೆಸರು ಆರ್‌ಸಿಸಿಬಿ. ಹಳೆ ರೂಢಿಯಲ್ಲಿ ಇಎಲ್‌ಸಿಬಿ ಅನ್ನುವವರೂ ಇದ್ದಾರೆ. ಎಂಸಿಬಿಯ ಹಾಗೇ ಕಾಣುತ್ತದೆ, ಆದರೆ ಮೈಮೇಲೆ ಒಂದು ಪುಟ್ಟ ಗುಂಡಿ ಇರುತ್ತದೆ, ಪರೀಕ್ಷೆಗೆ.

ಅದು ಕೆಲಸ ಮಾಡುವ ಬಗೆ ಬಹಳ ಚೆಂದ. ಹೋದಷ್ಟೇ ಪ್ರವಾಹ ಮರಳಿ ಬರಬೇಕು, ಇದೇ ಅದರ ತತ್ವ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಂದೇ ಕಬ್ಬಿಣದ ಉಂಗುರದೊಳಗೆ ಹಾಯಿಸಿರುತ್ತಾರೆ. ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಇರ್ತದೆ ಅಂತ 1820 ರಲ್ಲಿ ಅರ್ಸ್ಟೆಡ್ ಕಂಡುಕೊಂಡದ್ದು ನಿಮಗೆ ನೆನಪಿರಬಹುದು. ಇಲ್ಲಿ ಒಂದು ತಂತಿಯಲ್ಲಿ ಪ್ರವಾಹ ಹೋಗುತ್ತದೆ, ಇನ್ನೊಂದರಲ್ಲಿ ಅಷ್ಟೇ ಪ್ರವಾಹ ಬರುತ್ತದೆ. ಎರಡರ ಕಾಂತಪ್ರಭಾವ ಒಂದನ್ನೊಂದು ಅಳಿಸಿಹಾಕುತ್ತದೆ, ಉಂಗುರ ಸುಮ್ಮನಿರುತ್ತದೆ. 13 ಆಂಪಿಯರ್ ಹೋಗಿ 12.9 ಮಾತ್ರ ಮರಳಿದರೆ? ಉಳಿದ 0.1 ಆಂಪಿಯರ್ ಬೇರೆ ದಾರಿಯಲ್ಲಿ, ಬಹುಶಃ ಯಾರದೋ ಮೈ ಮೂಲಕ, ನೆಲಕ್ಕೆ ಹೋಗಿದೆ. ಆಗ ಉಂಗುರದಲ್ಲಿ ಅಳಿಯದ ಕಾಂತಕ್ಷೇತ್ರ ಉಳಿಯುತ್ತದೆ. ಉಂಗುರಕ್ಕೆ ಸುತ್ತಿದ ಮೂರನೇ ಸುರುಳಿಯಲ್ಲಿ ಅದು ವಿದ್ಯುತ್ತನ್ನು ಪ್ರೇರಿಸುತ್ತದೆ. 1831 ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ಪ್ರೇರಣೆಯೇ ಇದು. ಆ ಸಣ್ಣ ಪ್ರವಾಹ ಕೊಂಡಿಯನ್ನು ಬಿಡಿಸುತ್ತದೆ, ಸ್ವಿಚ್ ಬೀಳುತ್ತದೆ.

ಮನೆಗೆ ಹಾಕಬೇಕಾದದ್ದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅಂದರೆ 0.03 ಆಂಪಿಯರ್ ವ್ಯತ್ಯಾಸ ಬಂದರೂ ಬೀಳುತ್ತದೆ. ವ್ಯತ್ಯಾಸ 150 ಮಿಲಿ ಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ 0.04 ಸೆಕೆಂಡಿನೊಳಗೆ ಬೀಳಬೇಕು ಅನ್ನುವುದು ಅದರ ಮಾನದಂಡ. ಹೃದಯ ಒಂದು ಸಲ ಬಡಿಯಲು ಸುಮಾರು 0.8 ಸೆಕೆಂಡು ಬೇಕು. ಒಂದು ಬಡಿತ ಮುಗಿಯುವ ಮೊದಲೇ ವಿದ್ಯುತ್ ಕಡಿದಿರುತ್ತದೆ. ಶಾಕ್ ಹೊಡೆಯುತ್ತದೆ, ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು.

ಒಣ ಮಣ್ಣಿನ 4.6 ಆಂಪಿಯರ್ ನೆನಪಿದೆಯಲ್ಲ? ಎಂಸಿಬಿ ಸುಮ್ಮನಿದ್ದ ಆ ಜಾಗದಲ್ಲಿ ಆರ್‌ಸಿಸಿಬಿ ತಕ್ಷಣ ಬೀಳುತ್ತದೆ. ಅರ್ತ್ ಸರಿಯಾಗಿದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಆದ್ದರಿಂದ ಅರ್ತ್ ಮತ್ತು ಆರ್‌ಸಿಸಿಬಿ ಎರಡೂ ಬೇಕು. ಒಂದಿದ್ದರೆ ಇನ್ನೊಂದು ಬೇಡ ಅನ್ನುವ ಹಾಗಿಲ್ಲ. ಒಂದು ಮಾತು ನೆನಪಿಡಿ: ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಆರ್‌ಸಿಸಿಬಿ ಕೂಡ ಕಾಪಾಡಲಾರದು. ಅದಕ್ಕೆ ಅಲ್ಲಿ ಹೋದದ್ದು, ಬಂದದ್ದು ಸರಿಸಮ.

ಹಾಗಾದರೆ ಅದು ಪದೇ ಪದೇ ಯಾಕೆ ಬೀಳುತ್ತದೆ?

'ಇದು ಕೆಟ್ಟಿದೆ, ತೆಗೆದು ನೇರ ಲೈನ್ ಕೊಡ್ತೇನೆ' ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ ಅಂತ ಮನೆಯವರಿಗೆ ಹೇಳಿ. ನಾಯಿ ಬೊಗಳಿತು ಅಂತ ನಾಯಿಯನ್ನು ಓಡಿಸಿದರೆ ಕಳ್ಳ ಹೋಗುವುದಿಲ್ಲ.

ಕಾರಣ ಹುಡುಕುವ ಕ್ರಮ ಇದೆ. ಹಿರಿಯರು ಅಥವಾ ಎಲೆಕ್ಟ್ರಿಷಿಯನ್ ಗೀಸರಿನ ಪ್ಲಗ್ ಕಿತ್ತು ನೋಡಬೇಕು. ಆಮೇಲೆ ಟ್ರಿಪ್ ಆಗದಿದ್ದರೆ ತಪ್ಪು ಗೀಸರಿನಲ್ಲಿದೆ. ಸುರುಳಿ ಬದಲಿಸಬೇಕು. ಪ್ಲಗ್ ಕಿತ್ತ ಮೇಲೂ ಬಿದ್ದರೆ ತಪ್ಪು ತಂತಿಯಲ್ಲಿದೆ: ಒದ್ದೆ ಗೋಡೆಯೊಳಗೆ ತಂತಿಯ ಹೊದಿಕೆ ಹರಿದಿರಬಹುದು, ಇಲ್ಲವೇ ನ್ಯೂಟ್ರಲ್ ಎಲ್ಲೋ ಅರ್ತ್‌ಗೆ ತಾಗಿರಬಹುದು.

ಈ ಎರಡನೆಯದನ್ನು ಕೆಲವರು ಬೇಕೆಂದೇ ಮಾಡುತ್ತಾರೆ. ಅರ್ತ್ ತಂತಿ ಇಲ್ಲದ ಮನೆಯಲ್ಲಿ ಸಾಕೆಟಿನ ಒಳಗೆ ಅರ್ತ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿ 'ಅರ್ತ್ ಬಂತು' ಅನ್ನುತ್ತಾರೆ. ಇದಕ್ಕಿಂತ ಅಪಾಯದ ಕೆಲಸ ಇಲ್ಲ. ಹಿಂದೆ ಎಲ್ಲಾದರೂ ನ್ಯೂಟ್ರಲ್ ತುಂಡಾಯಿತು ಅಂತ ಇಟ್ಟುಕೊಳ್ಳಿ. ಫೇಸ್‌ನಿಂದ ಬಂದ ವಿದ್ಯುತ್ ಸುರುಳಿಯನ್ನು ದಾಟಿ ನ್ಯೂಟ್ರಲ್‌ಗೆ ಬಂದು, ಮುಂದೆ ದಾರಿ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಆ ನ್ಯೂಟ್ರಲ್ ಗೀಸರಿನ ಮೈಗೆ ಸೇರಿದೆ. ಗೀಸರಿನಲ್ಲಿ ಯಾವ ದೋಷವೂ ಇಲ್ಲದೆ ಅದರ ಮೈಯೆಲ್ಲ 230 ವೋಲ್ಟ್! ಅರ್ತ್ ಇಲ್ಲದಿದ್ದರೆ ಹೊಸ ಅರ್ತ್ ಗುಂಡಿ ತೋಡಿಸಿ, ಅಲ್ಲಿಂದ ಬೇರೆ ತಂತಿ ಎಳೆಸುವುದೇ ಪರಿಹಾರ.

ಇನ್ನು ನಾಲ್ಕು ಎಚ್ಚರಿಕೆಗಳು

ನೀರು ಕಾದಾಗ ಹಿಗ್ಗುತ್ತದೆ. 25 ರಿಂದ 60 ಡಿಗ್ರಿಗೆ ಏರುವಾಗ 15 ಲೀಟರ್ ನೀರು ಸುಮಾರು 0.2 ಲೀಟರ್‌ನಷ್ಟು ಹೆಚ್ಚುತ್ತದೆ. ಒತ್ತಡ ಏರಿದರೆ ಹೊರಬಿಡಲು ಗೀಸರಿಗೆ ಒಂದು ಸುರಕ್ಷಾ ಕವಾಟ ಇರ್ತದೆ. ಅದರಿಂದ ಹನಿ ಬೀಳುತ್ತದೆ ಅಂತ ಬಿರಡೆ ಹಾಕಿ ಮುಚ್ಚಬಾರದು. ಥರ್ಮೋಸ್ಟಾಟ್ ಕೆಟ್ಟ ದಿನ ಟ್ಯಾಂಕ್ ಸಿಡಿಯಬಹುದು.

ಬೋರ್‌ವೆಲ್ಲಿನ ಗಡಸು ನೀರು ಇರುವ ಊರುಗಳಲ್ಲಿ ಸುರುಳಿಯ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಶಾಖ ನೀರಿಗೆ ದಾಟದೆ ಸುರುಳಿಯೇ ಅತಿಯಾಗಿ ಕಾದು ಕೊಳವೆ ಬಿರಿಯುತ್ತದೆ. ಅಂತಹ ಊರಿನಲ್ಲಿ ಗೀಸರನ್ನು ಆಗಾಗ ಬಿಚ್ಚಿಸಿ ಶುಚಿ ಮಾಡಿಸಬೇಕು.

ಗ್ಯಾಸ್ ಗೀಸರಿನಲ್ಲಿ ಶಾಕಿನ ಹೆದರಿಕೆ ಇಲ್ಲ, ಆದರೆ ಉರಿಗೆ ಗಾಳಿ ಬೇಕು. ಹಳೆ ಬಚ್ಚಲಿಗೆ ಹೆಂಚಿನ ಸಂದಿ, ಹೊಗೆಗಿಂಡಿ ಇತ್ತು. ಹೊಸದಕ್ಕೆ ಗಾಜಿನ ಕಿಟಕಿ ಹಾಕಿ ಬಿಗಿಯಾಗಿ ಮುಚ್ಚಿರುತ್ತಾರೆ. ಆಮ್ಲಜನಕ ಸಾಲದೆ ಉರಿದಾಗ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೀಯುವವರು ಗೊತ್ತಾಗದೆಯೇ ಎಚ್ಚರ ತಪ್ಪುತ್ತಾರೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೇ ಇರಬೇಕು.

ಬಕೆಟಿಗೆ ಇಳಿಬಿಡುವ ರಾಡ್ ಬಳಸುವ ಮನೆಗಳಲ್ಲಿ, ಸ್ವಿಚ್ ಆರಿಸಿ ಪ್ಲಗ್ ಕೀಳುವ ಮೊದಲು ನೀರು ಬಿಸಿಯಾಯಿತೇ ಅಂತ ಕೈ ಅದ್ದಬಾರದು. ಎಂದಿಗೂ ಅದ್ದಬಾರದು.

ಟೈಲ್ಸ್ ಹಾಕುವ ಮೊದಲು

ನಿಮ್ಮ ಮನೆಯಲ್ಲಿ ಬಚ್ಚಲಿನ ಕೆಲಸ ನಡೆಯುತ್ತಿದ್ದರೆ ಈ ಪ್ರಶ್ನೆಗಳನ್ನು ಕೇಳಲು ಹಿರಿಯರಿಗೆ ನೆನಪಿಸಿ. ಗೋಡೆ ಮುಚ್ಚಿದ ಮೇಲೆ ಕೇಳಿದರೆ ಮತ್ತೆ ಒಡೆಯಬೇಕಾಗುತ್ತದೆ.

1. ಗೀಸರಿಗೆ ಬೇರೆ ಲೈನ್ ಎಳೆದಿದ್ದಾರಾ? ತಂತಿ ಎಷ್ಟು ದಪ್ಪ?
2. ಹಳೆ ಕಬ್ಬಿಣದ ಪೈಪ್ ತೆಗೆದಿದ್ದರೆ, ಅದಕ್ಕೆ ಅರ್ತ್ ತಂತಿ ಸುತ್ತಿತ್ತಾ? ಈಗ ಅರ್ತ್ ಎಲ್ಲಿಂದ ಬರುತ್ತದೆ?
3. ಅರ್ತ್‌ನ ರೋಧವನ್ನು ಅಳೆದು ನೋಡಿದ್ದಾರಾ?
4. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯಾ?
5. ಗೀಸರಿನ ಸ್ವಿಚ್ ನೀರು ಸಿಡಿಯದ ಕಡೆ, ಬಚ್ಚಲಿನ ಹೊರಗೆ ಇದೆಯಾ? ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಿಪಿ ಸ್ವಿಚ್ ಅದಾ?
6. ಗೋಡೆಯೊಳಗೆ ಪೈಪ್, ತಂತಿ ಹೋಗುವ ದಾರಿಯ ಫೋಟೋ ತೆಗೆದಿಟ್ಟಿದ್ದೀರಾ? ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು ತೆಗೆಯಿರಿ. ಮುಂದೆ ಗೋಡೆಗೆ ತೂತು ಕೊರೆಯುವವರಿಗೆ ಅದೇ ನಕ್ಷೆ.

ನೀವೇ ಮಾಡಿ

ಬೋರ್ಡು, ಪ್ಲಗ್, ಗೀಸರ್ ಯಾವುದನ್ನೂ ನೀವು ಬಿಚ್ಚಬಾರದು. ನೋಡಲು, ಲೆಕ್ಕ ಹಾಕಲು ಯಾರ ಅಡ್ಡಿಯೂ ಇಲ್ಲ.

ಗೀಸರಿನ ಮೇಲೆ ಅಂಟಿಸಿದ ಚೀಟಿ ಓದಿ, ಅದರ ವ್ಯಾಟ್ ಮತ್ತು ಲೀಟರ್ ಬರೆದುಕೊಳ್ಳಿ. ಅದು ಎಳೆಯುವ ಆಂಪಿಯರ್, ಸುರುಳಿಯ ರೋಧ, ನೀರು ಕಾಯಲು ಬೇಕಾಗುವ ಸಮಯ ಕಂಡುಹಿಡಿಯಿರಿ. ಗಡಿಯಾರ ಹಿಡಿದು ನಿಜವಾದ ಸಮಯದೊಂದಿಗೆ ಹೋಲಿಸಿ. ವ್ಯತ್ಯಾಸ ಬಂದರೆ ಯಾಕೆ ಬಂತು ಅಂತ ಯೋಚಿಸಿ, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.

ಮನೆಯ ಹಿರಿಯರೊಂದಿಗೆ ಮೈನ್ ಬೋರ್ಡಿನ ಮುಂದೆ ನಿಂತು ಆರ್‌ಸಿಸಿಬಿ ಇದೆಯೇ ನೋಡಿ. ಇದ್ದರೆ ಅದರ ಪರೀಕ್ಷಾ ಗುಂಡಿಯನ್ನು ಒತ್ತಲು ಅವರಿಗೆ ಹೇಳಿ. ಕೂಡಲೇ ಬೀಳಬೇಕು. ಬೀಳದಿದ್ದರೆ ಅದನ್ನು ಬದಲಿಸಬೇಕು. ತಿಂಗಳಿಗೊಮ್ಮೆ ಹೀಗೆ ಮಾಡುವುದು ಒಳ್ಳೆಯದು. ಗುಂಡಿ ಒತ್ತಿದಾಗ ಆರ್‌ಸಿಸಿಬಿ ಮಾತ್ರ ಪರೀಕ್ಷೆಯಾಗುತ್ತದೆ, ಅರ್ತ್ ಅಲ್ಲ. ಅದನ್ನು ಬೇರೆಯೇ ಅಳೆಸಬೇಕು.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬೇಡಿ, ನಿಮಗೂ ಹೊಡೆಯುತ್ತದೆ. ಮೊದಲು ಓಡಿಹೋಗಿ ಮೈನ್ ಸ್ವಿಚ್ ಆರಿಸಿ. ದೊಡ್ಡವರನ್ನು ಕೂಗಿ ಕರೆಯಿರಿ, 108 ಕ್ಕೆ ಫೋನ್ ಮಾಡಿ. ಇದಕ್ಕಾಗಿಯಾದರೂ ಮೈನ್ ಸ್ವಿಚ್ ಎಲ್ಲಿದೆ, ಹೇಗೆ ಆರಿಸುವುದು ಅನ್ನುವುದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಈ ಪಾಠವನ್ನು ಇವತ್ತು ಸಂಜೆಯೇ ನಿಮ್ಮ ತಮ್ಮ ತಂಗಿಯರಿಗೆ, ಅಜ್ಜ ಅಜ್ಜಿಗೆ ಹೇಳಿಕೊಡಿ.